ಇಪ್ಪತ್ತು ಕಾಸಿನ ಭಾನುವಾರ

ನಮ್ಮ ಕಟ್ಟಡದಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. 'ಕಲೆಕ್ಟರ್ ಸಾಹೇಬರು' ಎಂದೇ ರೂಢಿಯಾಗಿಬಿಟ್ಟಿದೆ. ಹೊಸದಾಗಿ ಬಾಡಿಗೆಗೆ ಬಂದ ಮಹಾಶಯರೊಬ್ಬರು ಇದನ್ನು ಕೇಳಿ, ಪಡಿತರ ಚೀಟಿಯ ವಿಳಾಸ ಬದಲಾಯಿಸುವ ಅರ್ಜಿಯನ್ನು ಹಿಡಿದುಕೊಂಡು ಒಂದು ಬೆಳಿಗ್ಗೆ ನಮ್ಮ ಬಾಗಿಲಿಗೇ ಬಂದುಬಿಟ್ಟರು. ಅವರನ್ನು ಕೂರಿಸಿ, ಕಾಫಿ ಕೊಟ್ಟು, ನಾನು ಜಿಲ್ಲೆಯನ್ನಾಳುವ ಕಲೆಕ್ಟರನಲ್ಲ, ಹಳೆಯ ನಾಣ್ಯಗಳನ್ನು ಕೂಡಿಡುವ ಬಡ ಕಲೆಕ್ಟರ ಎಂದು ಬಿಡಿಸಿ ಹೇಳುವಷ್ಟರಲ್ಲಿ ಸಾಕುಸಾಕಾಯಿತು. ಹೋಗುವಾಗ ಅವರು ನನ್ನನ್ನು ನೋಡಿದ ನೋಟದಲ್ಲಿ ನಿರಾಶೆಗಿಂತ ಕನಿಕರವೇ ಹೆಚ್ಚಾಗಿತ್ತು.

ನಮ್ಮ ಮನೆಯಾಕೆಯ ಅಭಿಪ್ರಾಯವಂತೂ ಇನ್ನೂ ಸ್ಪಷ್ಟ. "ಚಲಾವಣೆಯಲ್ಲಿರುವ ದುಡ್ಡು ಕೊಟ್ಟು ಚಲಾವಣೆಯಿಲ್ಲದ ದುಡ್ಡು ತರುವ ವ್ಯಾಪಾರವನ್ನು ನಾನು ಎಲ್ಲೂ ಕಂಡಿಲ್ಲ" ಎನ್ನುತ್ತಾಳೆ. ಒಂದು ದೀಪಾವಳಿಯಲ್ಲಿ, ಲಕ್ಷ್ಮೀಪೂಜೆಗೆ ಕೊಳೆ ಹಿಡಿದ ಕಾಸು ಇಡಬಾರದೆಂದು, ನನ್ನ ಹನ್ನೊಂದು ತಾಮ್ರದ ನಾಣ್ಯಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಹೊಳೆಯುವಂತೆ ಮಾಡಿಟ್ಟಿದ್ದಳು. ವಾಚಕರಲ್ಲಿ ಯಾರ ಮನೆಯಲ್ಲಾದರೂ ಅಜ್ಜಿಯ ಕಾಲದ ನಾಣ್ಯಗಳಿದ್ದರೆ ದಯವಿಟ್ಟು ಇದೊಂದನ್ನು ನೆನಪಿಡಬೇಕು. ತಾಮ್ರದ ಮೇಲಿನ ಆ ಕಂದು ಬಣ್ಣ ಕೊಳೆಯಲ್ಲ. ಅದು ಎಷ್ಟೋ ವರ್ಷಗಳ ಗಾಳಿಗೆ, ಕೈಗಳ ಬೆವರಿಗೆ ಮೂಡಿದ ಪದರ. ಕೆಳಗಿನ ಲೋಹವನ್ನು ಕಾಯುವುದೂ ಅದೇ. ಅದನ್ನು ತಿಕ್ಕಿ ತೆಗೆದರೆ ಸಂಗ್ರಾಹಕನ ಕಣ್ಣಿನಲ್ಲಿ ನಾಣ್ಯದ ಬೆಲೆಯೂ ಅದರೊಡನೆ ಚರಂಡಿಗೆ ಹೋದಂತೆಯೇ. ಅಂದು ನಾನು ಪೂಜೆಗೆ ಕುಳಿತದ್ದು ಕಣ್ಣಿನಲ್ಲಿ ನೀರು ತುಂಬಿಕೊಂಡು. ಬಂದಿದ್ದವರು ಅದನ್ನು ಭಕ್ತಿ ಎಂದುಕೊಂಡರು.

ಇಷ್ಟು ಪೀಠಿಕೆ ಏಕೆಂದರೆ, ಈ ಸಲದ ಅಂಕಣಕ್ಕೆ ನಾನು ಯೋಚಿಸಿದ್ದ ವಿಷಯವೇ ಬೇರೆ. ಅಷ್ಟರಲ್ಲಿ ನಮ್ಮ ಮುಂಬಯಿಯಲ್ಲಿ ಮೂರು ದಿನದ ನಾಣ್ಯ ಪ್ರದರ್ಶನವೊಂದು ಏರ್ಪಾಡಾಯಿತು. ಅದರ ಕೊನೆಯ ದಿನ ಭಾನುವಾರ. ಆ ದಿನ ಅಲ್ಲಿ ನನಗಾದ ಒಂದು ಅವಮಾನವನ್ನೂ ಒಂದು ಲಾಭವನ್ನೂ ಹೇಳಿಕೊಳ್ಳದೆ ಬೇರೆ ವಿಷಯ ಬರೆಯಲು ಮನಸ್ಸು ಬರಲಿಲ್ಲ.

ಭಾನುವಾರ ಬೆಳಿಗ್ಗೆ ಮಗನ ಮಗಳು ಪುಟ್ಟಿಯನ್ನು ಸಂಘದ ಕನ್ನಡ ತರಗತಿಗೆ ಕರೆದೊಯ್ಯುವುದು ನನ್ನ ಪಾಲಿನ ಕೆಲಸ. ಅವಳಿಗೀಗ ಹನ್ನೊಂದು. ಅಂದು ತರಗತಿ ಮುಗಿಸಿಕೊಂಡು ಅಲ್ಲಿಂದಲೇ ಪ್ರದರ್ಶನಕ್ಕೆ ಹೋಗುವುದೆಂದು ಗೊತ್ತುಮಾಡಿದ್ದೆವು. ಲೋಕಲ್ ಗಾಡಿಯಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಕುಳಿತು ಎರಡು ನಿಲ್ದಾಣ ಕಳೆಯುವಷ್ಟರಲ್ಲಿ ಅವಳು ಹೇಳಿದಳು:

"ತಾತ, ಮುಂದಿನ ವಾರದಿಂದ ನಾನು ಕನ್ನಡ ಕ್ಲಾಸಿಗೆ ಹೋಗಲ್ಲ."

"ಏಕಮ್ಮ?"

"ಓದೋದಕ್ಕೆ ಕಲಿತೆ. ಓದೋದಕ್ಕೆ ಇಲ್ಲಿ ಏನಿದೆ? ನೀನೇ ಹೊರಗೆ ನೋಡು, ಒಂದಾದರೂ ಕನ್ನಡ ಅಕ್ಷರ ಇದೆಯಾ?"

ನೋಡಿದೆ. ದೇವನಾಗರಿಯಿತ್ತು, ಇಂಗ್ಲಿಷಿತ್ತು. ಅವಳು ಹೇಳಿದ್ದು ಹದಿನಾರಾಣೆ ನಿಜ. ಊರು ಬಿಟ್ಟು ಬಂದು ನಲವತ್ತು ವರ್ಷ ಸಂಘದ ಸಭೆಗಳಲ್ಲಿ ಭಾಷಣ ಮಾಡಿದ ನನಗೆ, ಎದುರಿಗೆ ಕುಳಿತ ಮಗುವಿಗೆ ಹೇಳಲು ಒಂದು ಉತ್ತರ ಹೊಳೆಯಲಿಲ್ಲ. "ನೋಡೋಣ" ಎಂದೆ. ದೊಡ್ಡವರು ಸೋತಾಗ ಹೇಳುವ ಮಾತು ಅದು. ಮಕ್ಕಳಿಗೂ ಅದು ಗೊತ್ತು.

ನಾಣ್ಯ ಪ್ರದರ್ಶನವನ್ನು ನೋಡದವರಿಗಾಗಿ ಎರಡು ಮಾತು. ಇದು ವಸ್ತುಸಂಗ್ರಹಾಲಯದಂತೆ ನಿಶ್ಶಬ್ದವಾಗಿರುವ ಜಾಗವಲ್ಲ. ಅರ್ಧ ಮದುವೆಮನೆ, ಅರ್ಧ ಸಂತೆ. ದೊಡ್ಡ ಸಭಾಂಗಣ, ಸಾಲುಸಾಲಾಗಿ ಮೇಜುಗಳು, ಮೇಜಿನ ಹಿಂದೆ ಮಾರುವವರು, ಮುಂದೆ ಬಗ್ಗಿ ನಿಂತ ಕೊಳ್ಳುವವರು. ಯಾರೂ ನೆಟ್ಟಗೆ ನಿಂತಿರುವುದಿಲ್ಲ. ಕೈಯಲ್ಲೊಂದು ಭೂತಗನ್ನಡಿ, ಕಿಸೆಯಲ್ಲೊಂದು ಪುಟ್ಟ ತಕ್ಕಡಿ, ತಲೆಯಲ್ಲಿ ಇಸವಿಗಳು. ಪಕ್ಕದವನ ಮುಖ ನೋಡದೆ ಅವನ ಕೈಯಲ್ಲಿರುವ ನಾಣ್ಯವನ್ನು ಮಾತ್ರ ನೋಡಿ ಗುರುತು ಹಿಡಿಯುವ ಜನ ಇವರು. "ನೀವು ಹೋದ ವರ್ಷ ಆ ಟಿಪ್ಪುವಿನ ಆನೆ ತೆಗೆದುಕೊಂಡವರಲ್ಲವೇ?" ಎಂದು ಒಬ್ಬರು ನನ್ನನ್ನು ಮಾತನಾಡಿಸಿದರು. ಅವರ ಹೆಸರು ನನಗೆ ಗೊತ್ತಿಲ್ಲ, ನನ್ನ ಹೆಸರು ಅವರಿಗೆ ಗೊತ್ತಿಲ್ಲ. ಆದರೂ ಹತ್ತು ವರ್ಷದ ಸ್ನೇಹ.

ಪುಟ್ಟಿಗೆ ಮೊದಲು ಹೇಳಿಕೊಟ್ಟದ್ದು ನಾಣ್ಯವನ್ನು ಹಿಡಿಯುವ ಕ್ರಮ. ಮುಖವನ್ನು ಮುಟ್ಟಬಾರದು, ಹೆಬ್ಬೆರಳು ತೋರುಬೆರಳುಗಳ ನಡುವೆ ಅಂಚಿನಲ್ಲಿ ಹಿಡಿಯಬೇಕು, ಕೆಳಗೆ ಮೆತ್ತನೆಯ ಬಟ್ಟೆಯಿರಬೇಕು. ಅವಳು ಒಂದೇ ಸಲಕ್ಕೆ ಕಲಿತಳು.

ಬಾಗಿಲ ಬಳಿಯ ಗಾಜಿನ ಪೆಟ್ಟಿಗೆಯಲ್ಲಿ ಮಾರಾಟಕ್ಕಲ್ಲದೆ ನೋಡಲೆಂದೇ ಇಟ್ಟ ಚಿನ್ನದ ನಾಣ್ಯಗಳಿದ್ದವು. ಮೊದಲನೆಯದು ಹೊಯ್ಸಳ ವಿಷ್ಣುವರ್ಧನನ ಗದ್ಯಾಣ. ಚೋಳರ ಕೈಯಿಂದ ತಲಕಾಡನ್ನು ಗೆದ್ದ ನೆನಪಿಗೆ ಆತ 'ತಲಕಾಡುಗೊಂಡ' ಎಂಬ ತನ್ನ ಬಿರುದನ್ನು ಕನ್ನಡ ಅಕ್ಷರಗಳಲ್ಲಿ ನಾಣ್ಯದ ಮೇಲೆ ಹಾಕಿಸಿದ. ಒಂಬೈನೂರು ವರ್ಷದ ಹಿಂದಿನ ಸುದ್ದಿ ಪತ್ರಿಕೆ ಅದು. ಕಿಸೆಯಿಂದ ಕಿಸೆಗೆ ಹೋಗುತ್ತಿತ್ತು. ಅದರ ಪಕ್ಕದಲ್ಲಿ ಕೃಷ್ಣದೇವರಾಯನ ವರಹ. ಒಂದು ಕಡೆ ಬಾಲಕೃಷ್ಣ ಕುಳಿತಿದ್ದಾನೆ, ಇನ್ನೊಂದು ಕಡೆ ನಾಗರಿಯಲ್ಲಿ ರಾಯನ ಹೆಸರು. ಅದರಾಚೆ ಬೇಳೆಕಾಳಿನಷ್ಟು ಸಣ್ಣದೊಂದು ಚಿನ್ನದ ತುಣುಕು. "ಇದೂ ನಾಣ್ಯವಾ?" ಎಂದಳು ಪುಟ್ಟಿ. ನಾಣ್ಯವೇ, ಮೈಸೂರಿನ ಕಂಠೀರವ ನರಸರಾಜ ಒಡೆಯರು 1638ರಿಂದ 1659ರವರೆಗೆ ಆಳಿದಾಗ ಹೊಡೆಸಿದ ಕಂಠೀರಾಯಿ ಹಣ. ಭೂತಗನ್ನಡಿಯಲ್ಲಿ ನೋಡಿದರೆ ಅಷ್ಟರಲ್ಲೇ ನರಸಿಂಹಸ್ವಾಮಿ ಕುಳಿತಿರುವುದು ಕಾಣುತ್ತದೆ. ಇಂಥ ಹತ್ತು ಹಣ ಸೇರಿದರೆ ಒಂದು ಕಂಠೀರಾಯಿ ವರಹದ ಲೆಕ್ಕ.

"ಹಣ ಅಂದರೆ ಮನಿ ಅಲ್ಲವಾ?" ಎಂದು ಅವಳ ಪ್ರಶ್ನೆ.

ಈಗ ಹಾಗೆ. ಆಗ ಹಣವೆಂದರೆ ಈ ನಾಣ್ಯದ ಹೆಸರು. ನಾವು ದಿನ ಬೆಳಗಾದರೆ ಆಡುವ ಮಾತನ್ನು ಗಮನಿಸಿ. ಹಣ ಒಂದು ನಾಣ್ಯ. ದುಡ್ಡು ಒಂದು ತಾಮ್ರದ ನಾಣ್ಯ. ಕಾಸು ಅದಕ್ಕಿಂತ ಸಣ್ಣದು. ನಾಣ್ಯಗಳು ಸವೆದು ಮಾಯವಾದವು, ಹೆಸರುಗಳು ನಾಲಗೆಯ ಮೇಲೆ ಉಳಿದವು. ಕಾಸಿಗೆ ತಕ್ಕ ಕಜ್ಜಾಯ ಎನ್ನುವವರಿಗೆ ಕಾಸೂ ಗೊತ್ತಿಲ್ಲ, ಈ ಊರಿನಲ್ಲಿ ಹುಟ್ಟಿದವರಿಗೆ ಕಜ್ಜಾಯವೂ ಗೊತ್ತಿಲ್ಲ. ಗಾದೆ ಮಾತ್ರ ಚಲಾವಣೆಯಲ್ಲಿದೆ.

ಮುಂದಿನ ಮೇಜಿನಲ್ಲಿ 1911ರ ಐದನೆಯ ಜಾರ್ಜನ ಬೆಳ್ಳಿ ರೂಪಾಯಿ. ರಾಜನ ನಿಲುವಂಗಿಯ ಮೇಲೆ ಸಣ್ಣ ಆನೆಯೊಂದರ ಚಿತ್ರವಿದೆ. ಕೆತ್ತಿದವನ ಕೈವಾಡದಲ್ಲಿ ಸೊಂಡಿಲು ಮೊಂಡಾಗಿ ಅದು ನೋಡುವವರ ಕಣ್ಣಿಗೆ ಹಂದಿಯಂತೆ ಕಂಡಿತು. ಜನ ಗುಲ್ಲೆಬ್ಬಿಸಿದರು. ಸರ್ಕಾರ ಆ ರೂಪಾಯಿಯನ್ನು ಹಿಂದಕ್ಕೆ ಪಡೆದು, 1912ರಲ್ಲಿ ಸೊಂಡಿಲನ್ನು ಸರಿಪಡಿಸಿ ಹೊಸದಾಗಿ ಹೊಡೆಸಬೇಕಾಯಿತು. ಸಂಗ್ರಾಹಕರು ಇಂದಿಗೂ ಅದನ್ನು ಹಂದಿ ರೂಪಾಯಿ ಎನ್ನುತ್ತಾರೆ. ತಪ್ಪು ಮಾಡಿದ ನಾಣ್ಯಕ್ಕೆ ಸರಿಯಾದ ನಾಣ್ಯಕ್ಕಿಂತ ಬೆಲೆ ಹೆಚ್ಚು ಎನ್ನುವುದು ಈ ಲೋಕದ ವಿಚಿತ್ರ ನ್ಯಾಯ.

ಅಲ್ಲಿಯೇ ಅದೇ ಜಾರ್ಜನ ಒಂದಾಣೆಯಿತ್ತು. ಅಂಚು ಬಳುಕಿದ ಹೂವಿನಂಥ ನಾಣ್ಯ. ಪುಟ್ಟಿ ಅದನ್ನು ಕಣ್ಣಿನ ಹತ್ತಿರ ತಂದು ತಟ್ಟನೆ, "ತಾತ, ಕನ್ನಡ!" ಎಂದಳು. ಸ್ವಲ್ಪ ಹೊತ್ತು ನೋಡಿ, "ಆದರೆ ಕಾಗುಣಿತ ತಪ್ಪು. ಒಂದು ಅನ್ನೋದಕ್ಕೆ ಒಕ ಅಂತ ಬರೆದಿದ್ದಾರೆ" ಎಂದಳು.

ತಪ್ಪಲ್ಲ, ಅದು ತೆಲುಗು. ಆ ನಾಣ್ಯದ ಮೇಲೆ ಒಂದಾಣೆ ಎಂಬ ಮಾತನ್ನು ಇಂಗ್ಲಿಷಿನ ಜೊತೆಗೆ ನಾಗರಿ, ಬಂಗಾಳಿ, ಉರ್ದು, ತೆಲುಗು ಲಿಪಿಗಳಲ್ಲಿ ಹಾಕಿದ್ದರು. ನಮ್ಮ ಕನ್ನಡಕ್ಕೆ ಅಲ್ಲಿ ಜಾಗವಿರಲಿಲ್ಲ. ಲಿಪಿಗಳು ಅಕ್ಕತಂಗಿಯರಾದ್ದರಿಂದ ಮಗು ತಂಗಿಯ ಮನೆಗೆ ಹೋಗಬೇಕಾದದ್ದು ಅಕ್ಕನ ಮನೆಗೆ ನುಗ್ಗಿತ್ತು. ಅವಳ ಉತ್ಸಾಹ ಇಳಿದದ್ದು ನನಗೆ ಕಾಣಿಸಿತು. "ನಾನು ಹೇಳಲಿಲ್ಲವಾ" ಎನ್ನುವಂತೆ ನಾಣ್ಯವನ್ನು ಬಟ್ಟೆಯ ಮೇಲಿಟ್ಟಳು.

ಆಮೇಲೆ ನನ್ನ ವಯಸ್ಸಿನವರೆಲ್ಲ ಗುಂಪುಗೂಡಿದ್ದ ಮೇಜು ಬಂದಿತು. ಹೊಸ ಪೈಸೆಗಳ ಮೇಜು. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂದಾಗ ನನಗೆ ಏಳು ವರ್ಷ. ಅಲ್ಲಿಯವರೆಗೆ ರೂಪಾಯಿಗೆ 16 ಆಣೆ, 64 ಪೈಸೆ, 192 ಪೈ. ಅಂದಿನಿಂದ ರೂಪಾಯಿಗೆ 100 ನಯಾ ಪೈಸೆ. 'ನಯಾ' ಎಂಬ ಮಾತು ಹೋದದ್ದು 1964ರಲ್ಲಿ. ಹಾಸನ ಜಿಲ್ಲೆಯ ನಮ್ಮ ಹಳ್ಳಿಯಲ್ಲಿ ನಮ್ಮ ತಂದೆಯದೊಂದು ಸಣ್ಣ ದಿನಸಿ ಅಂಗಡಿ. ಒಂದಾಣೆಗೆ ಲೆಕ್ಕದ ಪ್ರಕಾರ ಆರೂಕಾಲು ಹೊಸ ಪೈಸೆ. ಕಾಲು ಪೈಸೆಯ ನಾಣ್ಯವನ್ನು ಯಾರೂ ಹೊಡೆಯಲಿಲ್ಲ. ಆದುದರಿಂದ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಎಂದು ಪಟ್ಟಿ. ಆ ಪಟ್ಟಿಯನ್ನು ತಂದೆ ಬಾಗಿಲಿಗೆ ಮೊಳೆ ಹೊಡೆದು ತಗುಲಿಹಾಕಿದ್ದರು. ಹಳೆಯದೂ ಹೊಸದೂ ಕೆಲವು ವರ್ಷ ಒಟ್ಟಿಗೇ ಓಡಾಡಿದವು. ಹಳೆಯ ಎರಡಾಣೆಯೂ ಚೌಕ, ಹೊಸ ಐದು ಪೈಸೆಯೂ ಚೌಕ. ಹೊಸ ಪೈಸೆಯ ಮೇಲೆ ರೂಪಾಯಿಯ ನೂರನೆಯ ಒಂದು ಭಾಗ ಎಂದು ಬರೆದಿತ್ತು, ಹಿಂದಿಯಲ್ಲಿ. ನಮ್ಮ ಹಳ್ಳಿಯಲ್ಲಿ ಕನ್ನಡ ಓದಬಲ್ಲವರೇ ಬೆರಳೆಣಿಕೆ.

ಬೆಣ್ಣೆ ಮಾರುವ ಮುದುಕಿಯೊಬ್ಬಳಿದ್ದಳು. ಬೆಣ್ಣೆಯ ದುಡ್ಡು ಕೈಗೆ ಬಿದ್ದೊಡನೆ ಅಂಗೈಯನ್ನು ಚಾಚಿ, "ಅಯ್ಯಾ, ಇದೆಷ್ಟಾಯ್ತು ಹೇಳಿ" ಎನ್ನುವಳು. ತಂದೆ ಪ್ರತಿಯೊಂದು ನಾಣ್ಯವನ್ನೂ ಅವಳ ಅಂಗೈ ಮೇಲೆ ಮುಟ್ಟಿ ಮುಟ್ಟಿ ಎಣಿಸುವರು. ಒಮ್ಮೆ ಹೊಸ ಲೆಕ್ಕದಲ್ಲಿ, ಒಮ್ಮೆ ಆಣೆಯ ಲೆಕ್ಕದಲ್ಲಿ. ಗಿರಾಕಿಗಳು ಕಾದಿರುವಾಗ ಇದೇಕೆ ಎಂದು ನಾನೊಮ್ಮೆ ಕೇಳಿದೆ. "ಅವಳಿಗೆ ಓದು ಬಾರದು ಕಣೋ. ನಾವು ಓದಿ ಹೇಳಿದ್ದೇ ಅವಳಿಗೆ ಬೆಲೆ" ಎಂದರು. ಈ ಕಥೆಯನ್ನು ಪುಟ್ಟಿಗೆ ಆ ಮೇಜಿನ ಬಳಿ ನಿಂತು ಬಹಳ ಗಂಭೀರವಾಗಿ ಹೇಳಿದೆ. ಹೇಳಬಾರದಿತ್ತು ಎಂದು ಮಧ್ಯಾಹ್ನ ಅನ್ನಿಸಿತು.

ಊಟಕ್ಕೆ ಡಬ್ಬಿಯಲ್ಲಿ ಚಿತ್ರಾನ್ನವಿತ್ತು. ಮೆಟ್ಟಿಲ ಮೇಲೆ ಕುಳಿತು ತಿನ್ನುತ್ತ, ಕಿಸೆಯ ಚಿಲ್ಲರೆಯನ್ನೆಲ್ಲ ಸುರಿದುಕೊಂಡು ಒಂದು ಆಟವಾಡಿದೆವು. ವಾಚಕರ ಮನೆಯ ಮಕ್ಕಳೂ ಆಡಬಹುದು. ಇಂದಿನ ನಾಣ್ಯಗಳಲ್ಲಿ ಇಸವಿಯ ಕೆಳಗೆ ಕಣ್ಣಿಟ್ಟು ನೋಡಿದರೆ ಸಣ್ಣ ಗುರುತೊಂದು ಕಾಣುತ್ತದೆ. ವಜ್ರದ ಆಕಾರವಿದ್ದರೆ ಅದು ನಮ್ಮ ಮುಂಬಯಿ ಟಂಕಸಾಲೆಯದು, ನಕ್ಷತ್ರವಿದ್ದರೆ ಹೈದರಾಬಾದಿನದು, ದುಂಡು ಚುಕ್ಕೆಯಿದ್ದರೆ ದೆಹಲಿಯ ಪಕ್ಕದ ನೊಯ್ಡಾದು, ಏನೂ ಇಲ್ಲದಿದ್ದರೆ ಕೋಲ್ಕತ್ತೆಯದು. ಚೆನ್ನೈಯ ಕನ್ನಡಿಗರು ಬೇಸರಿಸಬಾರದು. ಅವರ ಊರಿನಲ್ಲಿ ಟಂಕಸಾಲೆ ಈಗಿಲ್ಲವಾದರೂ ಮಿಂಟ್ ಸ್ಟ್ರೀಟ್ ಎಂಬ ಬೀದಿ ಉಳಿದಿದೆ. ಪುಟ್ಟಿಗೆ ಐದು ವಜ್ರ, ಎರಡು ನಕ್ಷತ್ರ ಸಿಕ್ಕಿದವು.

ಊಟದ ನಂತರ ಒಂದು ಮೇಜಿನಲ್ಲಿ ಹನುಮಂತನ ಚಿತ್ರವಿರುವ, ಈಸ್ಟ್ ಇಂಡಿಯಾ ಕಂಪನಿ, 1818, ಅರ್ಧ ಆಣೆ ಎಂದು ಬರೆದ ದಪ್ಪ ನಾಣ್ಯವನ್ನು ಒಬ್ಬರು ಭಕ್ತಿಯಿಂದ ಕೊಳ್ಳುತ್ತಿದ್ದರು. ಕಂಪನಿ ಅಂಥ ನಾಣ್ಯವನ್ನು ಹೊಡೆದದ್ದೇ ಇಲ್ಲ. ಇವೆಲ್ಲ ಆಮೇಲಿನ ಕಾಲದವರು ಮಾಡಿ ಮಾರುವ ಬಿಲ್ಲೆಗಳು. ಇಂಥವನ್ನೇ ಹಿಡಿದು, ಅಕ್ಕಿಯ ಕಾಳನ್ನು ಸೆಳೆಯುವ ಶಕ್ತಿ ಇದಕ್ಕಿದೆ, ಕೋಟಿ ಬೆಲೆ ಬರುತ್ತದೆ ಎಂದು ಮನೆ ಮುರಿಯುವ ಮೋಸಗಾರರಿದ್ದಾರೆ. ಹಳೆಯ ನೋಟು ನಾಣ್ಯಗಳನ್ನು ಲಕ್ಷಗಟ್ಟಲೆಗೆ ಕೊಳ್ಳುತ್ತೇವೆ, ಮೊದಲು ಶುಲ್ಕ ಕಟ್ಟಿ ಎನ್ನುವವರೂ ಇದ್ದಾರೆ. ತನ್ನ ಹೆಸರನ್ನು ಹೇಳಿಕೊಂಡು ಹೀಗೆ ಮಾಡುವವರನ್ನು ನಂಬಬೇಡಿರೆಂದು ರಿಸರ್ವ್ ಬ್ಯಾಂಕು 2021ರಲ್ಲಿಯೇ ಎಚ್ಚರಿಸಿದೆ. ಇನ್ನೊಂದು ಮಾತು: ನೂರು ವರ್ಷ ದಾಟಿದ ನಾಣ್ಯ 1972ರ ಕಾನೂನಿನ ಪ್ರಕಾರ ಪುರಾತನ ವಸ್ತು, ವಿದೇಶದಲ್ಲಿರುವ ಮಗನಿಗೆ ಉಡುಗೊರೆಯೆಂದು ಪೆಟ್ಟಿಗೆಯಲ್ಲಿ ಹಾಕಿ ಕಳಿಸುವಂತಿಲ್ಲ. ಇನ್ನು ಊರಿನ ಮನೆಯ ತಳಪಾಯ ಅಗೆಯುವಾಗ ನಿಧಿ ಸಿಕ್ಕಿದರೆ, 1878ರ ಕಾನೂನಿನಂತೆ, ಹತ್ತು ರೂಪಾಯಿಗೆ ಮೇಲ್ಪಟ್ಟದ್ದನ್ನೆಲ್ಲ ಕಲೆಕ್ಟರಿಗೆ ತಿಳಿಸಬೇಕು. ಈ ಕಲೆಕ್ಟರು ನಾನಲ್ಲ.

ಈಗ ಅಸಲು ವಿಷಯ.

ಮೂಲೆಯಲ್ಲೊಂದು ಸಣ್ಣ ಮೇಜು. ಹಿಂದೆ ಹದಿನೈದು ವರ್ಷದ ಮರಾಠಿ ಹುಡುಗ. ಮುಂದೆ ಅಗಲವಾದ ಹಿತ್ತಾಳೆ ತಟ್ಟೆಯ ತುಂಬ ತಾಮ್ರದ ನಾಣ್ಯಗಳ ರಾಶಿ. "ಕಾಕಾ, ಯಾವುದು ಬೇಕಾದರೂ ಎತ್ತಿಕೊಳ್ಳಿ, ವೀಸ್ ರುಪಯೇ" ಎಂದ. ಯಾವುದಾದರೂ ಇಪ್ಪತ್ತು ರೂಪಾಯಿ! ಸಂಗ್ರಾಹಕನಿಗೆ ಇದಕ್ಕಿಂತ ಇಂಪಾದ ಸಂಗೀತವಿಲ್ಲ. ಗಾಜಿನ ಪೆಟ್ಟಿಗೆಯ ಚಿನ್ನವನ್ನು ನೋಡುವಾಗ ಇಲ್ಲದ ಎದೆಬಡಿತ ಇಂಥ ರಾಶಿಯ ಮುಂದೆ ಶುರುವಾಗುತ್ತದೆ. ನಾನೂ ಪುಟ್ಟಿಯೂ ತಟ್ಟೆಯ ಎರಡು ಕಡೆ ಕುಳಿತೆವು.

ಕಾಲು ಗಂಟೆಯಾಗಿರಬೇಕು. ಪುಟ್ಟಿ ಒಂದನ್ನು ಎತ್ತಿ ಅಂಚಿನಲ್ಲಿ ಹಿಡಿದು, ಭೂತಗನ್ನಡಿ ಕೇಳಿದಳು. ಒಂದು ಕಡೆ ಆನೆ. ಅದರ ಮೇಲೆ ಸೂರ್ಯ ಚಂದ್ರ. ಇನ್ನೊಂದು ಕಡೆ ಕೆಳಗಿದ್ದ ಇಂಗ್ಲಿಷ್ ಅಕ್ಷರಗಳು ಸವೆದು ಸಪಾಟಾಗಿದ್ದವು. ಮೇಲಿನ ಸಾಲು ಉಳಿದಿತ್ತು. ಅವಳು ಒಂದೊಂದೇ ಅಕ್ಷರ ಕೂಡಿಸಿದಳು.

"ಮ... ಯಿ... ಲಿ. ಕಾ... ಸು. ಮಯಿಲಿ ಕಾಸು. ಇಪ್ಪತ್ತು." ಆಮೇಲೆ ತಲೆಯೆತ್ತಿ, ಅನುಮಾನದಿಂದ, "ಇದೂ ತೆಲುಗಾ?" ಎಂದಳು.

ಅಲ್ಲ. ಇದು ಕನ್ನಡವೇ. 1799ರಲ್ಲಿ ಐದು ವರ್ಷದ ಬಾಲಕನಾಗಿ ಪಟ್ಟಕ್ಕೆ ಬಂದ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಇಪ್ಪತ್ತು ಕಾಸು. ಅಳಿಸಿಹೋದ ಆ ಇಂಗ್ಲಿಷ್ ಸಾಲಿನಲ್ಲಿ ಇದ್ದದ್ದೂ ಅದೇ: ರೋಮನ್ ಅಂಕೆಯಲ್ಲಿ ಇಪ್ಪತ್ತು, ಮುಂದೆ ಕ್ಯಾಶ್. ನಮ್ಮ ದಕ್ಷಿಣದ ಕಾಸನ್ನೇ ಪೋರ್ಚುಗೀಸರ ಬಾಯಿಂದ ಕೇಳಿಸಿಕೊಂಡು ಇಂಗ್ಲಿಷರು ಈ ಸಣ್ಣ ನಾಣ್ಯಕ್ಕೆ ಕ್ಯಾಶ್ ಎಂದರು.

ನನಗೆ ಇಷ್ಟೂ ಗೊತ್ತಿತ್ತು. ಬೆಳಿಗ್ಗೆ ಎರಡನೆಯ ಸಾಲಿನ ಮೇಜಿನಲ್ಲಿ ಇದಕ್ಕಿಂತ ತುಸು ಚೆನ್ನಾಗಿದ್ದ ಇಂಥದೇ ನಾಣ್ಯಕ್ಕೆ ಆರುನೂರು ರೂಪಾಯಿ ಬರೆದಿದ್ದುದೂ ಗೊತ್ತಿತ್ತು. ಪುಟ್ಟಿಗೂ ಗೊತ್ತಿತ್ತು. "ತಾತ, ಅಲ್ಲಿ ಆರುನೂರು ಅಂತ ಇದ್ದ ಆನೆ ಇದೇ ಅಲ್ಲವಾ?" ಎಂದಳು.

ಅವಳು ಹೇಳಿದ್ದು ಕನ್ನಡದಲ್ಲಿ, ಹುಡುಗನಿಗೆ ತಿಳಿಯಲಿಲ್ಲ. ನಾನೂ ಕನ್ನಡದಲ್ಲಿಯೇ, "ಸುಮ್ಮನಿರು, ಆಮೇಲೆ ಹೇಳುತ್ತೇನೆ" ಎಂದೆ. ಪರಊರಿನಲ್ಲಿ ಸ್ವಂತ ಭಾಷೆಯಿಂದ ಇಂಥ ಅನುಕೂಲವೂ ಇದೆಯೆಂದು ಆ ಕ್ಷಣ ಅನ್ನಿಸಿತು, ಬಚ್ಚಿಡುತ್ತೇನೆ.

ಹುಡುಗನಿಗೆ ಕುತೂಹಲ. "ಕಾಕಾ, ಅದರ ಮೇಲೆ ಏನು ಬರೆದಿದೆ?" ಎಂದು ಕೇಳಿದ.

"ಏನೋ ಹಳೆಯ ಅಕ್ಷರ. ಸವೆದಿದೆ, ಸರಿಯಾಗಿ ಕಾಣುವುದಿಲ್ಲ" ಎಂದೆ.

ನಾಲಗೆ ತಾನಾಗಿ ಹೇಳಿತು. ಇಪ್ಪತ್ತು ರೂಪಾಯಿ ತೆಗೆಯಲು ಕೈ ಕಿಸೆಗೂ ಹೋಯಿತು. ಈ ಹವ್ಯಾಸದಲ್ಲಿ ಇದು ತಪ್ಪೇ ಅಲ್ಲ ಎನ್ನುವವರು ಬಹಳ ಮಂದಿ. ಗುರುತಿಸಿದವನದು ಭಾಗ್ಯ, ತಿಳಿದುಕೊಳ್ಳದೆ ಮಾರುವವನದು ಕರ್ಮ. ನಾನೂ ಹಾಗೆ ಹಿಂದೆ ಎಷ್ಟೋ ಸಲ ಕೊಂಡಿದ್ದೇನೆ, ಕೊಂಡದ್ದನ್ನು ಗೆಳೆಯರ ಮುಂದೆ ಮೆರೆಸಿದ್ದೇನೆ.

ಪುಟ್ಟಿ ಹುಬ್ಬು ಗಂಟಿಕ್ಕಿ ನನ್ನನ್ನು ನೋಡಿದಳು. ನನ್ನ ಕಣ್ಣಿಗೇನಾದರೂ ಆಯಿತೋ ಎಂಬ ಆತಂಕ ಆ ಮುಖದಲ್ಲಿತ್ತು. "ಕಾಣುತ್ತಲ್ಲ ತಾತ. ನಾನು ಓದಿದೆನಲ್ಲ" ಎಂದಳು.

ಅಷ್ಟೇ. ಅವಳು ನನ್ನ ಮೇಲೆ ತಪ್ಪು ಹೊರಿಸಲಿಲ್ಲ. ಓದು ಬರುವ ತಾತ ಓದಲು ಬರುವುದಿಲ್ಲವೆಂದು ಏಕೆ ಹೇಳುತ್ತಾನೆಂಬುದು ಅವಳಿಗೆ ಅರ್ಥವಾಗಲಿಲ್ಲ, ಅಷ್ಟೇ. ಆದರೆ ನನಗೆ ಎದುರಿಗೆ ಚಾಚಿದ ಆ ಮುದುಕಿಯ ಅಂಗೈ ಕಂಡಿತು. ಎರಡು ಗಂಟೆಯ ಹಿಂದೆ ಆ ಕಥೆಯನ್ನು ಹೇಳುವಾಗ ನಾನು ಎಷ್ಟು ಎತ್ತರದಲ್ಲಿ ನಿಂತಿದ್ದೆನೋ, ಈಗ ಅಷ್ಟೂ ಎತ್ತರದಿಂದ ಬಿದ್ದೆ.

"ತಮ್ಮಾ, ನಾನು ಹೇಳಿದ್ದು ಸರಿಯಲ್ಲ" ಎಂದು ಮರಾಠಿಯಲ್ಲಿ ಹುಡುಗನಿಗೆ ಹೇಳಿದೆ. "ಇದು ಕನ್ನಡ. ಮೈಸೂರಿನ ಇಪ್ಪತ್ತು ಕಾಸು. ಎರಡನೆಯ ಸಾಲಿನಲ್ಲಿ ಇದಕ್ಕೆ ಆರುನೂರು ಹೇಳುತ್ತಿದ್ದಾರೆ. ನಿಮ್ಮದು ಸ್ವಲ್ಪ ಸವೆದಿದೆ, ಆದರೂ ಇಪ್ಪತ್ತರದಲ್ಲ." ಹೇಳುವಾಗ ಕಿವಿ ಬಿಸಿಯಾಗಿತ್ತು. ಹುಡುಗ ಗಾಬರಿಯಿಂದ ನಾಣ್ಯವನ್ನೂ ನನ್ನನ್ನೂ ನೋಡಿ, "ಆಜೋಬಾ ಚಹಾ ಕುಡಿಯಲು ಹೋಗಿದ್ದಾರೆ, ಬರಲಿ" ಎಂದ.

ಆಜೋಬಾ ಬಂದರು. ಬಿಳಿಯ ಟೋಪಿ, ದಪ್ಪ ಕನ್ನಡಕ. ಮೊಮ್ಮಗ ಹೇಳಿದ್ದನ್ನೆಲ್ಲ ಕೇಳಿ, ನಾಣ್ಯವನ್ನು ತಿರುಗಿಸಿ ನೋಡಿ ನಕ್ಕರು. ಎಷ್ಟೋ ವರ್ಷದಿಂದ ಇಂಥವನ್ನು 'ಆನೆ ಛಾ಩ಪು' ಎಂದು ಮಾರುತ್ತಿದ್ದಾರಂತೆ. ಹಿಂಬದಿಯ ಅಕ್ಷರವನ್ನು ಓದಿ ಹೇಳಿದವರು ಯಾರೂ ಇರಲಿಲ್ಲವಂತೆ. "ಓದಿದ್ದು ಯಾರು?" ಎಂದು ಕೇಳಿದರು. ನಾನು ಪುಟ್ಟಿಯನ್ನು ತೋರಿಸಿದೆ. ಇದೊಂದು ಮಾತನ್ನಾದರೂ ಮೊದಲ ಸಲಕ್ಕೇ ನಿಜ ಹೇಳಿದೆ.

ಅವರು ನಾಣ್ಯವನ್ನು ಪುಟ್ಟಿಯ ಕೈಯಲ್ಲಿಟ್ಟರು. "ತಟ್ಟೆಗೆ ಇಪ್ಪತ್ತೆಂದು ಬೆಲೆ ಕಟ್ಟಿದವನು ನಾನು. ಕಟ್ಟಿದ ಬೆಲೆ ಕಟ್ಟಿದ್ದೇ. ಇದನ್ನು ನೀನು ಇಪ್ಪತ್ತಕ್ಕೇ ತೆಗೆದುಕೋ. ಆದರೆ ನನಗೊಂದು ಕೆಲಸ ಮಾಡಿಕೊಡು. ಈ ರಾಶಿಯಲ್ಲಿ ನಿಮ್ಮ ಅಕ್ಷರ ಇನ್ನೂ ಎಷ್ಟರ ಮೇಲಿದೆ, ಹುಡುಕಿ ಕೊಡು" ಎಂದರು.

ಅವಳು ಮುಕ್ಕಾಲು ಗಂಟೆ ಕುಳಿತಳು. ಹುಡುಗ ಒಂದೊಂದನ್ನೇ ಎತ್ತಿ ಕೊಡುವುದು, ಇವಳು ಬೆಳಕಿಗೆ ಹಿಡಿಯುವುದು. ಒಂದು ಅಕ್ಷರ ಉಳಿದಿದ್ದರೂ ಸಾಕು, ಅದರ ಬಾಲ ಹಿಡಿದು ಉಳಿದದ್ದನ್ನು ಎಳೆದಳು. ಒಂದರಲ್ಲಿ 'ಸು' ಮಾತ್ರವಿತ್ತು, ಇನ್ನೊಂದರಲ್ಲಿ 'ಶ್ರೀ'. ಒಟ್ಟು ಆರು ಸಿಕ್ಕಿದವು. ಆಜೋಬಾ ಅವನ್ನು ಬೇರೆ ಇಟ್ಟು, ಒಂದು ರಟ್ಟಿನ ಚೀಟಿ ಕೊಟ್ಟು, "ಹೆಸರು ನಿಮ್ಮ ಲಿಪಿಯಲ್ಲಿಯೇ ಬರೆ" ಎಂದರು. ಪುಟ್ಟಿ ಪೆನ್ನು ಹಿಡಿದು ಮೈಸೂರು ಎಂಬುದನ್ನು 'ಮಯಿಸೂರು' ಎಂದು ಬರೆದಳು. ತಿದ್ದಲು ಹೋದೆ. "ರಾಜರೇ ನಾಣ್ಯದ ಮೇಲೆ ಮಯಿ ಅಂತ ಬರೆದಿದ್ದಾರಲ್ಲ, ಅವರಿಗೆ ಯಾರೂ ತಪ್ಪು ಹಾಕಲಿಲ್ಲವಾ?" ಎಂದಳು. ನಾನು ಸುಮ್ಮನಾದೆ. ಆ ದಿನ ನನಗೆ ತಿದ್ದುವ ಅಧಿಕಾರ ಅಷ್ಟಾಗಿ ಉಳಿದಿರಲಿಲ್ಲ.

ನಾವು ಹೊರಡುವ ಹೊತ್ತಿಗೆ ಆ ಚೀಟಿಯ ಕೆಳಗೆ ಆಜೋಬಾ ಹೊಸ ಬೆಲೆ ಬರೆಯುತ್ತಿದ್ದರು: ನಾಲ್ಕುನೂರು. ಲೆಕ್ಕ ನೋಡಿದರೆ, ಒಂದು ನಾಣ್ಯ ನನಗೆ ದಕ್ಕಿತು, ಆರು ಕೈತಪ್ಪಿದವು. ಇಪ್ಪತ್ತು ರೂಪಾಯಿ ಕೊಡಲು ಕಿಸೆಯಿಂದ ನೋಟು ತೆಗೆದೆ. "ಬೇಡ ಕಾಕಾ, ಫೋನಿನಲ್ಲಿ ಹಾಕಿ" ಎಂದ ಹುಡುಗ, ಮೇಜಿನ ಮೇಲಿದ್ದ ಚೌಕದ ಚಿತ್ರವನ್ನು ಮುಂದೆ ತಳ್ಳಿದ. ಕಾಸನ್ನು ಕೊಳ್ಳಲು ಕಾಸು ಬೇಕಾಗಲಿಲ್ಲ.

ಹೀಗೆ ಉಳಿದ ನೋಟು ಗಾಡಿಯಲ್ಲಿ ಉಪಯೋಗಕ್ಕೆ ಬಂದಿತು. ಬೆಳಿಗ್ಗೆ ಕೊಡಲಾಗದ ಉತ್ತರ ಆಗ ನೆನಪಾಯಿತು. ನೋಟಿನ ಹಿಂಬದಿಯನ್ನು ಅವಳ ಮುಂದೆ ಹಿಡಿದು, "ಇಲ್ಲಿ ಹದಿನೈದು ಭಾಷೆಯ ಸಾಲುಗಳಿವೆ. ಮೇಲಿನಿಂದ ಎಣಿಸು" ಎಂದೆ. ಅಸ್ಸಾಮಿ, ಬಂಗಾಳಿ, ಗುಜರಾತಿ. ನಾಲ್ಕನೆಯದಕ್ಕೆ ಬಂದು ಬೆರಳು ನಿಂತಿತು. "ಇಪ್ಪತ್ತು ರೂಪಾಯಿಗಳು" ಎಂದು ಓದಿದಳು. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ತನ್ನ ಚೀಲದಿಂದ ಒಂದು ನೋಟು ತೆಗೆದು ತನ್ನ ಭಾಷೆಯ ಸಾಲನ್ನು ಹುಡುಕತೊಡಗಿದಳು.

ಮನೆಯಲ್ಲಿ ನಮ್ಮಾಕೆ, "ಈ ಸಲ ಎಷ್ಟಕ್ಕೆ ಇಳಿಸಿದರು?" ಎಂದಳು. ಇಪ್ಪತ್ತು ರೂಪಾಯಿ ಎಂದೆ. ನಂಬದೆ ಮೊಮ್ಮಗಳ ಕಡೆ ನೋಡಿದಳು. ಪುಟ್ಟಿ ಹೌದೆಂದು ತಲೆಯಾಡಿಸಿ, ಉಳಿದ ಕಥೆಯನ್ನು ಒಂದಕ್ಷರ ಬಿಡದೆ ಹೇಳಿದಳು. ನಾನು 'ಸರಿಯಾಗಿ ಕಾಣುವುದಿಲ್ಲ' ಎಂದದ್ದನ್ನೂ ಸೇರಿಸಿ. ನಮ್ಮಾಕೆ ನನ್ನನ್ನೊಮ್ಮೆ ನೋಡಿದಳು, ಏನೂ ಹೇಳಲಿಲ್ಲ. ನಾಣ್ಯವನ್ನು ಕೈಗೆ ತೆಗೆದುಕೊಂಡು ಅಡಿಗೆಮನೆಯ ಕಡೆ ಎರಡು ಹೆಜ್ಜೆ ಇಟ್ಟದ್ದೇ ತಡ, "ಅಜ್ಜಿ, ಹುಣಸೆಹಣ್ಣು ಬೇಡ!" ಎಂದು ಪುಟ್ಟಿ ಓಡಿದಳು.

ಮರುಭಾನುವಾರ ನಾನು ಏನೂ ಕೇಳಲಿಲ್ಲ. ಅವಳೇ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು; ನಾಣ್ಯ ಕರವಸ್ತ್ರದ ಗಂಟಿನಲ್ಲಿತ್ತು. 'ಮಯಿ' ಸರಿಯೋ 'ಮೈ' ಸರಿಯೋ ಎಂದು ಟೀಚರನ್ನು ಕೇಳಬೇಕಂತೆ. ಅದರ ಮುಂದಿನ ಭಾನುವಾರವೂ ಹೋದಳು. ಮುಂದಿನ ವರ್ಷದ ಮಾತನ್ನು ನಾನು ಹೇಳಲಾರೆ. ಟೀಚರು ನಾಣ್ಯವನ್ನು ನೋಡಿ ಬಹಳ ಸಂತೋಷಪಟ್ಟರಂತೆ. ಉಳಿದ ಮಕ್ಕಳಿಗೂ ತೋರಿಸಬೇಕೆಂದು ತಮ್ಮಲ್ಲಿಯೇ ಇಟ್ಟುಕೊಂಡಿದ್ದಾರೆ. ಮೂರು ವಾರವಾಯಿತು, ಇನ್ನೂ ಹಿಂದಕ್ಕೆ ಬಂದಿಲ್ಲ. ಈ ಸಂಚಿಕೆ ಅವರ ಮನೆಗೂ ಹೋಗುತ್ತದೆಂಬ ಧೈರ್ಯದಿಂದ ಇಷ್ಟನ್ನು ಬರೆದಿದ್ದೇನೆ.